ಗಗನದಲ್ಲಿ ದೂರವಾಣಿ ಮಾತು: ವಿಮಾನ ಪ್ರಯಾಣದ ವೇಳೆ ಧ್ವನಿಕರೆ ಬೇಕೆ, ಬೇಡವೆ?

(ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರಿಗಾಗಿ ಒಂದು ಅಧ್ಯಯನ ಲೇಖನ)

‘ಮೂಡಲ ಬಾಗಿಲು’ ಎಂಬ ಮಾತೇ ಮುಳಬಾಗಿಲು ಆಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ನಾಡಿನ ಪೂರ್ವ ದಿಕ್ಕಿನ ಈ ಬಾಗಿಲಿನಿಂದ ಸರಕು ಹೋಗಿಬರುವುದು ಇಂದು ನಿನ್ನೆಯ ವಾಡಿಕೆಯಲ್ಲ. ವಡ್ಡಹಳ್ಳಿ ಮತ್ತು ಕೋಲಾರದ ಮಾರುಕಟ್ಟೆಗಳ ಟೊಮೆಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಹೆಂಚು ಮತ್ತು ಇಟ್ಟಿಗೆ ದೂರದೂರದ ಊರುಗಳನ್ನು ಸೇರುತ್ತವೆ. ಸರಕು ಲಾರಿಯಲ್ಲಿ ಸಾಗಿದರೂ ಅದರ ದರ ಸಾಗುವುದು ದೂರವಾಣಿಯಲ್ಲಿ. ಮಂಡಿಯಲ್ಲಿ ಹರಾಜು ಮುಗಿಯುವ ಮೊದಲೇ ಕೋಲ್ಕತ್ತ ಮತ್ತು ದೆಹಲಿಯ ಖರೀದಿದಾರರಿಗೆ ಭಾವ ತಿಳಿದಿರುತ್ತದೆ.

ಇದೇ ವ್ಯಾಪಾರಿಯು ಇಂದು ವಿಮಾನದ ಪ್ರಯಾಣಿಕನೂ ಹೌದು. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು 2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದ ಮೇಲೆ, ವಿಮಾನಯಾನವು ದೊಡ್ಡ ಕಂಪನಿಗಳ ಅಧಿಕಾರಿಗಳಿಗೆ ಮಾತ್ರವೆಂಬ ಭಾವನೆ ಅಳಿಯತೊಡಗಿತು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಕೋಲಾರ ಜಿಲ್ಲೆಯವರು ಈಗ ಬೆಂಗಳೂರಿನ ನಡುಪೇಟೆಯನ್ನು ಹಾಯದೆ ಹೊಸಕೋಟೆಯ ಮಾರ್ಗವಾಗಿ ನಿಲ್ದಾಣ ತಲುಪಬಹುದು. ಬಾಕಿ ವಸೂಲಿ, ಯಂತ್ರ ಖರೀದಿ, ವಸ್ತುಪ್ರದರ್ಶನ ಮುಂತಾದ ಕಾರಣಗಳಿಗಾಗಿ ವಿಮಾನವೇರುವ ಸಣ್ಣ ಉದ್ದಿಮೆದಾರರು ನಮ್ಮಲ್ಲಿ ಅನೇಕರಿದ್ದಾರೆ.

ಬೆಂಗಳೂರಿನಿಂದ ದೆಹಲಿಗೆ ಸುಮಾರು ಎರಡೂಮುಕ್ಕಾಲು ಗಂಟೆಯ ಹಾರಾಟ. ಅಷ್ಟು ಹೊತ್ತು ವ್ಯಾಪಾರಿಯ ದೂರವಾಣಿ ಮೌನವಾಗಿರುವುದು ವಾಡಿಕೆ. ಈ ಮೌನವನ್ನು ಮುರಿಯುವ ತಂತ್ರಜ್ಞಾನ ಸಿದ್ಧವಾಗಿದೆ, ನಮ್ಮ ದೇಶದ ಕಾನೂನೂ ದಾರಿ ಮಾಡಿಕೊಟ್ಟಿದೆ. ಹಾಗಾದರೆ ಪ್ರಯಾಣಿಕರು ಹಾರಾಟದ ನಡುವೆ ಕರೆ ಮಾಡಿ ಮಾತನಾಡಬೇಕೆ? ಈ ಪ್ರಶ್ನೆಯನ್ನು ಶಿಷ್ಟಾಚಾರದ ದೃಷ್ಟಿಯಿಂದಷ್ಟೇ ಅಲ್ಲದೆ ವ್ಯಾಪಾರದ ಲಾಭನಷ್ಟದ ದೃಷ್ಟಿಯಿಂದಲೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಿಷೇಧ ಬಂದದ್ದು ಏಕೆ?

ವಿಮಾನದಲ್ಲಿ ಮೊಬೈಲ್ ದೂರವಾಣಿ ಬಳಸಿದರೆ ಯಂತ್ರೋಪಕರಣಗಳಿಗೆ ಅಡಚಣೆಯಾಗುತ್ತದೆ ಎಂಬುದಷ್ಟೇ ನಿಷೇಧಕ್ಕೆ ಕಾರಣವೆಂದು ಬಹುಜನರು ತಿಳಿದಿದ್ದಾರೆ. ಆ ಎಚ್ಚರಿಕೆ ಇದ್ದುದು ನಿಜ. ಆದರೆ ಅಮೆರಿಕದ ಸಂಪರ್ಕ ಆಯೋಗವು 1991ರಲ್ಲಿ ಹಾರುವ ವಿಮಾನದೊಳಗೆ ಸೆಲ್ಯುಲಾರ್ ದೂರವಾಣಿಯನ್ನು ನಿಷೇಧಿಸಿದಾಗ ಅದರ ಮುಖ್ಯ ಚಿಂತೆ ನೆಲದ ಮೇಲಿನ ಜಾಲದ ಕುರಿತಾಗಿತ್ತು. ನೆಲದಲ್ಲಿರುವ ದೂರವಾಣಿಗೆ ಹತ್ತಿರದ ಕೆಲವೇ ಗೋಪುರಗಳು ಸಿಗುತ್ತವೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸಾಗುವ ದೂರವಾಣಿಗೆ ಏಕಕಾಲಕ್ಕೆ ಹಲವಾರು ಗೋಪುರಗಳು ಎದುರಾಗುತ್ತವೆ. ಒಂದೇ ಕರೆಗೆ ಹಲವು ಗೋಪುರಗಳಲ್ಲಿ ಗೊಂದಲವುಂಟಾಗುವುದೇ ಆಗ ಮುಂದಿದ್ದ ತೊಂದರೆ.

ಆ ನಿಷೇಧಕ್ಕೂ ಮೊದಲೇ, 1984ರಲ್ಲಿ, ‘ಏರ್‌ಫೋನ್’ ಎಂಬ ಸೇವೆ ಅಮೆರಿಕದ ವಿಮಾನಗಳಲ್ಲಿ ಬಂದಿತ್ತು. ವಿಮಾನದಲ್ಲಿಯೇ ಅಳವಡಿಸಿದ್ದ ಈ ದೂರವಾಣಿಗಳು ಕ್ರಮೇಣ ಆಸನಗಳ ಬೆನ್ನಿಗೂ ಬಂದವು. ದರ ದುಬಾರಿಯಾಗಿದ್ದುದರಿಂದ ಬಳಕೆ ಕ್ಷೀಣಿಸಿ 2006ರಲ್ಲಿ ಆ ಸೇವೆ ನಿಂತುಹೋಯಿತು. ಎರಡೇ ವರ್ಷಗಳ ಬಳಿಕ, 2008ರ ಮಾರ್ಚ್ 20ರಂದು, ದುಬೈನಿಂದ ಕಾಸಾಬ್ಲಾಂಕಾ ನಗರಕ್ಕೆ ಹೊರಟಿದ್ದ ಎಮಿರೇಟ್ಸ್ ವಿಮಾನದಿಂದ ಪ್ರಯಾಣಿಕರ ಸ್ವಂತ ಮೊಬೈಲಿನ ಅಧಿಕೃತ ಕರೆ ಹೊರಟಿತು. ತಾಂತ್ರಿಕವಾಗಿ ಅದು ಸಾಧ್ಯವೆಂಬುದು ಅಂದೇ ಸಿದ್ಧವಾಯಿತು.

2. ಕರೆ ಸಾಗುವ ಬಗೆ

ಇಂಥ ವಿಮಾನದೊಳಗೆ ಒಂದು ಪುಟ್ಟ ಮೊಬೈಲ್ ಕೇಂದ್ರವನ್ನು ಇರಿಸಲಾಗಿರುತ್ತದೆ. ಪ್ರಯಾಣಿಕನ ದೂರವಾಣಿಗೆ ಈ ಕೇಂದ್ರ ಕೆಲವೇ ಮೀಟರುಗಳ ದೂರದಲ್ಲಿರುವುದರಿಂದ ಅದು ಅತಿ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಹಿಂದೆ ಹೇಳಿದ ಅಡಚಣೆ ಉಂಟಾಗುವುದಿಲ್ಲ. ವಿಮಾನದ ಮೇಲ್ಭಾಗದ ಆಂಟೆನಾ ಆ ಮಾತನ್ನು ಉಪಗ್ರಹಕ್ಕೆ ಮುಟ್ಟಿಸುತ್ತದೆ, ಉಪಗ್ರಹವು ಭೂಕೇಂದ್ರಕ್ಕೆ ಇಳಿಸುತ್ತದೆ. ಅಲ್ಲಿಂದ ಮುಂದೆ ಅದು ಸಾಮಾನ್ಯ ಕರೆಯಂತೆಯೇ ಸಾಗುತ್ತದೆ. ವೈ-ಫೈ ಇರುವ ವಿಮಾನದಲ್ಲಿ ವಾಟ್ಸಾಪ್ ಮುಂತಾದವುಗಳ ಮೂಲಕ ಮಾಡುವ ಕರೆಯೂ ಉಪಗ್ರಹದ ಮೂಲಕವೇ ಹೋಗುತ್ತದೆ.

ಈ ಕ್ಷೇತ್ರದಲ್ಲಿ ನಮ್ಮ ನಾಡಿನ ಪಾತ್ರವೂ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ ಸಂಸ್ಥೆಯ ಜಿಸ್ಯಾಟ್-ಎನ್2 ಉಪಗ್ರಹವು 2024ರ ನವೆಂಬರ್ 19ರಂದು ಕಕ್ಷೆಗೇರಿತು. ಸುಮಾರು 4,700 ಕಿಲೋ ತೂಕದ ಈ ಉಪಗ್ರಹದ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ವಿಮಾನದೊಳಗಿನ ಸಂಪರ್ಕವೂ ಅದರ ಉದ್ದೇಶಗಳಲ್ಲೊಂದು. ಕಕ್ಷೆ ಸೇರಿದ ಅದರ ನಿಯಂತ್ರಣವನ್ನು ಕೈಗೆತ್ತಿಕೊಂಡದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ.

ಇಂಥ ಭೂಸ್ಥಿರ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಮಾತು ಅಷ್ಟು ದೂರ ಏರಿ ಇಳಿಯಲು ಕಾಲು ಸೆಕೆಂಡು ಬೇಕು. ಕೇಳಿದ ಪ್ರಶ್ನೆಗೆ ಉತ್ತರ ಮರಳಿ ಕಿವಿಗೆ ಬೀಳಲು ಕನಿಷ್ಠ ಅರ್ಧ ಸೆಕೆಂಡು. ಎರಡೂ ಕಡೆಯವರು ಒಮ್ಮೆಲೇ ಮಾತನಾಡಿ, ಒಮ್ಮೆಲೇ ನಿಲ್ಲಿಸುವ ಪ್ರಸಂಗ ಇದರಿಂದ ಒದಗುತ್ತದೆ. ಕ್ಷೇಮಸಮಾಚಾರಕ್ಕೆ ಇದು ದೊಡ್ಡ ತೊಡಕಲ್ಲವಾದರೂ ಪೈಸೆ ಪೈಸೆಗೆ ಚೌಕಾಸಿ ನಡೆಯುವಲ್ಲಿ ತೊಡಕೇ ಸರಿ. ಕೆಳಕಕ್ಷೆಯ ಉಪಗ್ರಹಗಳಲ್ಲಿ ಈ ವಿಳಂಬ ಬಹಳ ಕಡಿಮೆ. ಆದ್ದರಿಂದ ತಂತ್ರಜ್ಞಾನದ ದೋಷವನ್ನೇ ಮುಂದಿಟ್ಟು ಧ್ವನಿಕರೆ ಬೇಡವೆನ್ನುವ ವಾದ ಬಹುಕಾಲ ನಿಲ್ಲಲಾರದು. ನಿರ್ಧಾರಕ್ಕೆ ಬೇರೆ ಆಧಾರಗಳನ್ನು ಹುಡುಕಬೇಕು.

3. ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಸಡಿಲಿಕೆ ಹಂತಹಂತವಾಗಿ ಬಂದಿದೆ. 2014ರ ಏಪ್ರಿಲ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಫ್ಲೈಟ್ ಮೋಡ್‌ನಲ್ಲಿರಿಸಿದ ಸಾಧನಗಳನ್ನು ಹಾರಾಟದ ಎಲ್ಲ ಹಂತಗಳಲ್ಲಿಯೂ ಬಳಸಲು ಅನುಮತಿಯಿತ್ತಿತು. 2018ರ ಜನವರಿಯಲ್ಲಿ ಟ್ರಾಯ್ ಸಂಸ್ಥೆಯು ವಿಮಾನದೊಳಗೆ ಅಂತರ್ಜಾಲ ಮತ್ತು ಧ್ವನಿಸೇವೆ ಎರಡನ್ನೂ ಒದಗಿಸಬಹುದೆಂದು ಶಿಫಾರಸು ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆಯು ವಿಮಾನ ಮತ್ತು ಹಡಗುಗಳ ಸಂಪರ್ಕ ಕುರಿತ ನಿಯಮಗಳನ್ನು ಪ್ರಕಟಿಸಿತು. ಭಾರತದ ವಾಯುಪ್ರದೇಶದಲ್ಲಿ ವಿಮಾನವು 3,000 ಮೀಟರ್ ಎತ್ತರವನ್ನು ದಾಟಿದ ಮೇಲಷ್ಟೇ ಸೇವೆ ಎಂಬ ಷರತ್ತನ್ನು ಅವು ವಿಧಿಸಿದವು. 2020ರಲ್ಲಿ ವಿಮಾನ ನಿಯಮಗಳಿಗೆ ತಿದ್ದುಪಡಿಯಾಗಿ, ವೈ-ಫೈ ಬಳಕೆಗೆ ಅನುಮತಿ ನೀಡುವ ಅಧಿಕಾರ ಮುಖ್ಯ ಪೈಲಟ್‌ಗೆ ದೊರೆಯಿತು. 2025ರ ಜನವರಿ 1ರಂದು ಏರ್ ಇಂಡಿಯಾ ಸಂಸ್ಥೆಯು ತನ್ನ ಕೆಲವು ವಿಮಾನಗಳಲ್ಲಿ, ದೇಶದೊಳಗಿನ ಮಾರ್ಗಗಳಲ್ಲಿಯೂ ವೈ-ಫೈ ಸೇವೆಯನ್ನು ಪ್ರಕಟಿಸಿತು.

ಗಮನಿಸಬೇಕಾದ ಅಂಶವೆಂದರೆ, 2018ರ ನಿಯಮಗಳು ಅವಕಾಶ ನೀಡಿದವೇ ಹೊರತು ಕಡ್ಡಾಯ ಮಾಡಲಿಲ್ಲ. ಧ್ವನಿಕರೆಗೆ ಎಡೆಗೊಡಬೇಕೆ ಎಂಬುದು ವಿಮಾನ ಸಂಸ್ಥೆಗಳ ವಿವೇಚನೆಗೆ ಉಳಿಯಿತು. ಗ್ರಾಹಕರ ಅಭಿಪ್ರಾಯಕ್ಕೆ ಬೆಲೆ ಬರುವುದು ಇಂಥಲ್ಲಿಯೇ.

ಅಮೆರಿಕ ಹಿಡಿದ ಹಾದಿ ಇದಕ್ಕೆ ತೀರ ಭಿನ್ನ. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗವು ಹಳೆಯ ನಿಷೇಧವನ್ನು ಸಡಿಲಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ಪ್ರಯಾಣಿಕರಿಂದಲೂ ವಿಮಾನ ಸಿಬ್ಬಂದಿಯಿಂದಲೂ ತೀವ್ರ ವಿರೋಧ ಬಂದಿತು. 2018ರ ಅಕ್ಟೋಬರ್‌ನಲ್ಲಿ ಅಂಗೀಕೃತವಾದ ಕಾಯಿದೆಯೊಂದು, ನಿಗದಿತ ವಿಮಾನಗಳಲ್ಲಿ ಹಾರಾಟದ ವೇಳೆ ಪ್ರಯಾಣಿಕರ ಮೊಬೈಲ್ ಧ್ವನಿಕರೆಯನ್ನು ನಿಷೇಧಿಸುವ ನಿಯಮಗಳನ್ನು ರಚಿಸುವಂತೆ ಸಾರಿಗೆ ಇಲಾಖೆಗೆ ಆದೇಶಿಸಿತು. 2020ರಲ್ಲಿ ಆಯೋಗವು ತನ್ನ ಪ್ರಸ್ತಾವವನ್ನೇ ಕೈಬಿಟ್ಟಿತು. ತಂತ್ರಜ್ಞಾನ ಅಡ್ಡಿಯಾಗಿದ್ದಾಗ ಹುಟ್ಟಿದ ನಿಷೇಧವು, ಆ ಅಡ್ಡಿ ನಿವಾರಣೆಯಾದ ಮೇಲೂ ಸಹಪ್ರಯಾಣಿಕರ ನೆಮ್ಮದಿಗಾಗಿ ಉಳಿದುಕೊಂಡಿತು.

4. ಕರೆ ಬೇಕೆನ್ನುವವರ ವಾದ

ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಮೊದಲನೆಯದು ತುರ್ತು ಪ್ರಸಂಗ. 2001ರ ಸೆಪ್ಟೆಂಬರ್ 11ರಂದು ಅಪಹೃತವಾದ ಯುನೈಟೆಡ್ 93 ವಿಮಾನದ ಪ್ರಯಾಣಿಕರು, ಬಹುಪಾಲು ಆಸನದ ಬೆನ್ನಿಗಿದ್ದ ದೂರವಾಣಿಗಳ ಮೂಲಕವೇ ಮನೆಯವರನ್ನು ಸಂಪರ್ಕಿಸಿ ನೆಲದ ಮೇಲಿನ ಘಟನೆಗಳನ್ನು ಅರಿತು ಪ್ರತಿಭಟಿಸಿದರು. ಮಾತಿನ ಸೌಲಭ್ಯಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇರೊಂದಿಲ್ಲ.

ಎರಡನೆಯದು ವ್ಯಾಪಾರದ ಅಗತ್ಯ. ಟೊಮೆಟೊ ಕಾಯುವ ಸರಕಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿಗಳನ್ನು ದಾಟಿದ್ದನ್ನು ಕಂಡಿದ್ದೇವೆ. ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆಗಾರರು ಹಣ್ಣನ್ನು ರಸ್ತೆಬದಿಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಒಂದು ಲಾರಿಯಲ್ಲಿ ಸಾವಿರ ಬಾಕ್ಸುಗಳಿವೆ ಎಂದುಕೊಂಡರೆ, ಬಾಕ್ಸಿಗೆ 50 ರೂಪಾಯಿಯ ವ್ಯತ್ಯಾಸವು ಒಂದು ಲೋಡಿಗೆ 50,000 ರೂಪಾಯಿಯಾಗುತ್ತದೆ. ಹರಾಜಿನ ಹೊತ್ತಿನಲ್ಲಿ ಯಜಮಾನ ಗಗನದಲ್ಲಿದ್ದು ಒಂದು ‘ಹೂಂ’ ಎನ್ನಲಾಗದೆ ಆ ಮೊತ್ತ ಕೈತಪ್ಪಿದರೆ, ಟಿಕೆಟ್ಟಿನ ದರಕ್ಕಿಂತ ಮೌನದ ದರವೇ ಹೆಚ್ಚಾಯಿತೆಂದು ಆತ ನೊಂದುಕೊಳ್ಳುವುದು ಸಹಜ.

ಮೂರನೆಯದು, ನಮ್ಮ ವ್ಯಾಪಾರಿಗಳಲ್ಲಿ ಅನೇಕರು ಬರೆಯುವುದಕ್ಕಿಂತ ಮಾತಿನಲ್ಲಿ ನಿಪುಣರು. ಪತ್ರವ್ಯವಹಾರಕ್ಕೆ ಗುಮಾಸ್ತರಿರುವ ಸಂಸ್ಥೆಗಳಿಗೆ ಸಂದೇಶ ಸಾಕು, ಒಬ್ಬನೇ ನಡೆಸುವ ಮಂಡಿಗೆ ಮಾತೇ ಬೇಕು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

5. ಪಕ್ಕದ ಆಸನದವರ ಹಕ್ಕು

ಈ ವಾದಗಳನ್ನು ತೂಗುವ ಮೊದಲು ವಿಮಾನದೊಳಗಿನ ಸ್ಥಿತಿಯನ್ನು ನೆನೆಯಬೇಕು. ನಮ್ಮ ದೇಶೀ ಮಾರ್ಗಗಳಲ್ಲಿ ಸಾಮಾನ್ಯವಾಗಿರುವ ಏರ್‌ಬಸ್ 320 ಮಾದರಿಯಲ್ಲಿ ಸುಮಾರು 180 ಮಂದಿ ಕೂರುತ್ತಾರೆ. ಒಬ್ಬೊಬ್ಬರ ಆಸನದ ಅಗಲ ಹದಿನೆಂಟು ಅಂಗುಲದಷ್ಟು. ಹತ್ತರಲ್ಲಿ ಒಬ್ಬರು ಐದೇ ನಿಮಿಷ ಮಾತನಾಡಿದರೂ ಒಟ್ಟು ತೊಂಬತ್ತು ನಿಮಿಷಗಳ ಮಾತಾಗುತ್ತದೆ. ಎಂಜಿನ್ನಿನ ಸದ್ದಿನಿಂದಾಗಿ ಮಾತನಾಡುವವರು ತಮಗರಿವಿಲ್ಲದೆಯೇ ದನಿಯೇರಿಸುತ್ತಾರೆ. ವಿಳಂಬವಾಗಿ ಉತ್ತರ ಬಂದಾಗ ‘ಹಲೋ, ಕೇಳಿಸ್ತಾ?’ ಎಂಬ ಕೂಗು ಮತ್ತೊಂದಿಷ್ಟು ಏರುತ್ತದೆ.

ಇಬ್ಬರು ಎದುರುಬದುರು ಮಾತನಾಡುವಾಗ ಆಗದ ಕಿರಿಕಿರಿ ದೂರವಾಣಿಯ ಮಾತಿನಿಂದ ಏಕಾಗುತ್ತದೆ ಎಂಬ ಪ್ರಶ್ನೆಗೆ ಅಧ್ಯಯನದ ಉತ್ತರವೂ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾರೆನ್ ಎಂಬರ್ಸನ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಂಭಾಷಣೆಯ ಒಂದು ಬದಿ ಮಾತ್ರ ಕಿವಿಗೆ ಬಿದ್ದವರು ಗಮನ ಬೇಡುವ ಕೆಲಸಗಳಲ್ಲಿ ಹೆಚ್ಚು ಎಡವಿದರು. ಎರಡೂ ಬದಿಯ ಮಾತನ್ನು ಕೇಳಿದವರಿಗೆ ಅಷ್ಟು ಅಡಚಣೆಯಾಗಲಿಲ್ಲ. ಅರ್ಧ ಮಾತನ್ನು ಕೇಳಿದ ಮನಸ್ಸು ಉಳಿದರ್ಧವನ್ನು ಊಹಿಸುತ್ತಲೇ ಇರುತ್ತದೆ ಎಂಬುದು ಅದರ ತಾತ್ಪರ್ಯ.

ನೆಲದ ಮೇಲೆಯೇ ನಮಗೆ ಇದರ ಅನುಭವವಾಗಿ, ನಿಯಮಗಳೂ ಬಂದಿವೆ. ಹೈಕೋರ್ಟಿನ ಸೂಚನೆಯ ಮೇರೆಗೆ 2021ರ ನವೆಂಬರ್‌ನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು, ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಮೂಲಕ ಜೋರಾಗಿ ಹಾಡು, ವೀಡಿಯೊ ಹಾಕುವುದನ್ನು ನಿಷೇಧಿಸಿತು. ಒಪ್ಪದ ಪ್ರಯಾಣಿಕರನ್ನು ಇಳಿಸುವ, ಪ್ರಯಾಣ ದರವನ್ನು ಹಿಂದಿರುಗಿಸದಿರುವ ಅಧಿಕಾರ ಸಿಬ್ಬಂದಿಗೆ ದೊರೆಯಿತು. 2022ರ ಜನವರಿಯಲ್ಲಿ ರೈಲ್ವೆ ಇಲಾಖೆಯು ರಾತ್ರಿ ಹತ್ತರ ಬಳಿಕ ಮೊಬೈಲಿನಲ್ಲಿ ಗಟ್ಟಿಯಾಗಿ ಮಾತನಾಡುವುದಕ್ಕೆ ಕಡಿವಾಣ ಹಾಕಿತು.

ಬಸ್ಸಿನಿಂದ ಇಳಿಸಬಹುದು, ರೈಲಿನಲ್ಲಿ ಬೇರೆ ಬೋಗಿಗೆ ಹೋಗಬಹುದು. ವಿಮಾನದಲ್ಲಿ ಮಾತನಾಡುವವರನ್ನು ಇಳಿಸಲಾಗದು, ಕೇಳುವವರು ಎದ್ದು ಹೋಗಲಾಗದು. ನೆಲದ ಮೇಲೆ ಬೇಕಾದ ಸಂಯಮ ಆಕಾಶದಲ್ಲಿ ಇಮ್ಮಡಿಯಾಗಿ ಬೇಕೆನ್ನುವುದಕ್ಕೆ ಇದೊಂದೇ ಕಾರಣ ಸಾಕು. ಮಾತಿಗೆ ಮಾತು ಬೆಳೆದು ಜಗಳವಾದರೆ ಅದರ ಫಲವೂ ಕಹಿ. 2017ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ನಿಯಮಾವಳಿಯು ಅಶಿಸ್ತಿನ ಪ್ರಯಾಣಿಕರ ವರ್ತನೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಬರಿಯ ಬೈಗುಳಕ್ಕೂ ಮೂರು ತಿಂಗಳವರೆಗಿನ ಹಾರಾಟ ನಿರ್ಬಂಧವನ್ನು ಗೊತ್ತುಪಡಿಸಿತು.

6. ವ್ಯಾಪಾರದ ಗುಟ್ಟು

ಮೇಲಿನದು ಪರರ ನೆಮ್ಮದಿಯ ವಿಚಾರವಾಯಿತು. ಸ್ವಂತ ಹಿತದ ವಿಚಾರವೂ ಅಷ್ಟೇ ಮುಖ್ಯ. ಮಂಡಿಯಲ್ಲಿ ಕುಳಿತು ದರ ಹೇಳುವಾಗ ನಾವು ಸುತ್ತಮುತ್ತ ನೋಡಿ ದನಿ ತಗ್ಗಿಸುತ್ತೇವೆ. ವಿಮಾನದಲ್ಲಿ ಅದೇ ದರವನ್ನು ದನಿಯೇರಿಸಿ ಹೇಳಬೇಕಾಗುತ್ತದೆ, ಮತ್ತು ಆಲಿಸುವವರು ಯಾರೆಂಬುದು ನಮಗೆ ಗೊತ್ತಿರುವುದಿಲ್ಲ. ದೆಹಲಿಯ ಅದೇ ವಸ್ತುಪ್ರದರ್ಶನಕ್ಕೆ, ಅದೇ ಟೆಂಡರಿಗೆ ಹೊರಟ ಮತ್ತೊಬ್ಬ ಉದ್ದಿಮೆದಾರ ಹಿಂದಿನ ಸಾಲಿನಲ್ಲಿಯೇ ಇರಬಹುದು. ‘ಕೊನೆಗೆ ಇಷ್ಟಕ್ಕೆ ಒಪ್ಪಿಬಿಡು’ ಎಂದು ನಮ್ಮವರಿಗೆ ಹೇಳಿದ ಮಾತು ಎದುರಾಳಿಗೆ ಸಿಕ್ಕರೆ ಚೌಕಾಸಿ ಅಲ್ಲಿಗೇ ಮುಗಿಯಿತು. ಗ್ರಾಹಕರ ಬಾಕಿ, ಬ್ಯಾಂಕಿನ ಖಾತೆ, ಒಟಿಪಿ ಸಂಖ್ಯೆ ಮುಂತಾದವನ್ನು ಹತ್ತಾರು ಕಿವಿಗಳ ನಡುವೆ ಉಚ್ಚರಿಸುವುದು ಅಪಾಯಕ್ಕೆ ಆಹ್ವಾನವೇ ಸರಿ.

7. ಕೇಳಿಸದ ‘ಒಪ್ಪಿಗೆ’ ಒಪ್ಪಿಗೆಯೆ?

ವ್ಯಾಪಾರಸ್ಥರು ವಿಶೇಷವಾಗಿ ಅರಿಯಬೇಕಾದ ಕಾನೂನಿನ ಅಂಶ ಇಲ್ಲಿದೆ. ದೂರವಾಣಿಯಲ್ಲಿ ಕುದುರುವ ಕರಾರು ಎಲ್ಲಿ, ಯಾವಾಗ ಪೂರ್ಣವಾಗುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 1959ರಲ್ಲಿ ಅಹಮದಾಬಾದಿನ ಒಂದು ವ್ಯಾಪಾರಿ ಸಂಸ್ಥೆಯು ಖಾಮಗಾಂವ್‌ನ ಒಂದು ಗಿರಣಿಯಿಂದ ಹತ್ತಿಬೀಜದ ಹಿಂಡಿಯನ್ನು ಕೊಳ್ಳುವುದಾಗಿ ದೂರವಾಣಿಯಲ್ಲಿ ಹೇಳಿ, ಗಿರಣಿಯವರು ಅಲ್ಲಿಂದಲೇ ಒಪ್ಪಿದ್ದರು. ವ್ಯಾಜ್ಯ ಹುಟ್ಟಿದಾಗ ಮೊಕದ್ದಮೆ ಎಲ್ಲಿ ನಡೆಯಬೇಕೆಂಬ ಪ್ರಶ್ನೆಯೆದ್ದಿತು. 1965ರ ಆಗಸ್ಟ್ 30ರ ಬಹುಮತದ ತೀರ್ಪಿನಲ್ಲಿ ನ್ಯಾಯಾಲಯವು, ಒಪ್ಪಿಗೆಯ ಮಾತು ಪ್ರಸ್ತಾವ ಮಾಡಿದವರ ಕಿವಿಗೆ ಬಿದ್ದ ಅಹಮದಾಬಾದಿನಲ್ಲಿಯೇ ಕರಾರು ಪೂರ್ಣವಾಯಿತೆಂದು ನಿರ್ಣಯಿಸಿತು. ಅಂಚೆಯಲ್ಲಿ ಕಳಿಸಿದ ಒಪ್ಪಿಗೆಗೆ ಬೇರೆ ನಿಯಮ, ದೂರವಾಣಿಗೆ ಬೇರೆ ನಿಯಮ.

ಈ ತೀರ್ಪು ಅನುಸರಿಸಿದ 1955ರ ಇಂಗ್ಲೆಂಡಿನ ಎಂಟೋರ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಅವರು ಕೊಟ್ಟ ಉದಾಹರಣೆ ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ಹೊಳೆಯ ಆಚೆ ದಡದಲ್ಲಿರುವವನಿಗೆ ಒಬ್ಬನು ವ್ಯಾಪಾರದ ಪ್ರಸ್ತಾವವನ್ನು ಕೂಗಿ ಹೇಳುತ್ತಾನೆ. ಆತನ ಉತ್ತರ ಮೇಲೆ ಹಾರಿಹೋಗುವ ವಿಮಾನದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಆಗ ಕರಾರು ಆಗಿಲ್ಲ. ವಿಮಾನ ದಾಟಿದ ಮೇಲೆ ಮತ್ತೆ ಕೂಗಿ, ಅದು ಕೇಳಿಸಿದರೆ ಮಾತ್ರ ಕರಾರು. ಮಾತಿನ ನಡುವೆ ದೂರವಾಣಿಯ ತಂತಿ ಕಡಿದರೂ ಇದೇ ನ್ಯಾಯ. ಆದರೆ ಒಪ್ಪಿದವನು ತನ್ನ ಮಾತು ತಲುಪಿತೆಂದು ನಂಬಿದ್ದು, ಸರಿಯಾಗಿ ಕೇಳಿಸದಿದ್ದರೂ ಪ್ರಸ್ತಾವ ಮಾಡಿದವನು ‘ಇನ್ನೊಮ್ಮೆ ಹೇಳಿ’ ಎನ್ನದೆ ಸುಮ್ಮನಿದ್ದರೆ, ಆತ ಕರಾರಿಗೆ ಬದ್ಧನಾಗಬಹುದು.

ವಿಮಾನದೊಳಗಿನ ಕರೆಯಲ್ಲಿ ಈ ಎಲ್ಲ ತೊಡಕುಗಳೂ ಒಟ್ಟಿಗೇ ಒದಗುತ್ತವೆ. ಎಂಜಿನ್ನಿನ ಸದ್ದು, ಉಪಗ್ರಹದ ವಿಳಂಬ, ನಡುವೆ ಕಡಿದುಹೋಗುವ ಸಂಪರ್ಕ ಎಲ್ಲವೂ ಇವೆ. ‘ಒಂಬೈನೂರು’ ಎಂದದ್ದೋ ‘ಒಂಬೈನೂರೈವತ್ತು’ ಎಂದದ್ದೋ ತಿಳಿಯದೆ, ಒಬ್ಬರು ಕರಾರಾಯಿತೆಂದು ಲಾರಿ ತುಂಬಿಸಿ, ಇನ್ನೊಬ್ಬರು ಆಗಿಲ್ಲವೆಂದು ಸುಮ್ಮನಿದ್ದರೆ, ನಷ್ಟ ಯಾರದೆಂಬುದನ್ನು ತೀರ್ಮಾನಿಸಲು ಟೊಮೆಟೊ ಕಾದು ಕೂರುವುದಿಲ್ಲ.

ಬರೆಹದ ಸಂದೇಶಕ್ಕೆ ಈ ತೊಡಕಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿಸಲಾದ 10ಎ ಕಲಮಿನಂತೆ, ವಿದ್ಯುನ್ಮಾನ ರೂಪದಲ್ಲಿತ್ತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು. ಸಂದೇಶವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ವಿಧಾನವನ್ನು ಹೇಳಲಾಗಿದೆ. ದರ, ಬಾಕ್ಸಿನ ಸಂಖ್ಯೆ, ದಿನಾಂಕ ಎಲ್ಲವೂ ಅಕ್ಷರದಲ್ಲಿ ಉಳಿಯುತ್ತವೆ.

8. ಮಾತಿಗೆ ಬದಲು ಅಧಿಕಾರ

ಈಗ ಮೂಲ ಪ್ರಶ್ನೆಗೆ ಬರೋಣ. ಎರಡೂಮುಕ್ಕಾಲು ಗಂಟೆ ದೂರವಾಣಿ ಮೌನವಾದರೆ ವ್ಯವಹಾರ ನಿಂತುಹೋಗುವುದು ಏಕೆ? ಅಂಗಡಿಯಲ್ಲಿ ಇರುವವರಿಗೆ ತೀರ್ಮಾನಿಸುವ ಅಧಿಕಾರವನ್ನು ನಾವು ಕೊಟ್ಟಿಲ್ಲದಿರುವುದರಿಂದ. ಮಗನಾಗಲಿ, ತಮ್ಮನಾಗಲಿ, ಹತ್ತು ವರ್ಷದಿಂದ ಜೊತೆಗಿರುವ ಗುಮಾಸ್ತನಾಗಲಿ, ಪ್ರತಿಯೊಂದು ದರಕ್ಕೂ ಯಜಮಾನರ ‘ಹೂಂ’ಗಾಗಿ ಕಾಯುವ ಅಭ್ಯಾಸವನ್ನು ನಾವೇ ಬೆಳೆಸಿದ್ದೇವೆ. ಆಕಾಶದಿಂದ ಕರೆ ಮಾಡುವ ಸೌಲಭ್ಯ ಈ ಅಭ್ಯಾಸವನ್ನು ಇನ್ನಷ್ಟು ಬಲಪಡಿಸುತ್ತದೆ, ನೀಗಿಸುವುದಿಲ್ಲ. ಯಜಮಾನ ಆಸ್ಪತ್ರೆಯಲ್ಲಿ ಮಲಗಿದ ದಿನವೂ ಅಂಗಡಿ ನಡೆಯಬೇಕಾದರೆ, ಯಜಮಾನ ವಿಮಾನದಲ್ಲಿರುವ ದಿನವೇ ಅದರ ಪಾಠ ಆರಂಭವಾಗಬೇಕು.

ಪ್ರತಿನಿಧಿಯ ಅಧಿಕಾರವನ್ನು 1872ರ ಭಾರತೀಯ ಕರಾರು ಕಾಯಿದೆ ವಿವರವಾಗಿ ನಿರೂಪಿಸಿದೆ. ಅದರ 189ನೇ ಕಲಮಿನಂತೆ, ತುರ್ತು ಸಂದರ್ಭದಲ್ಲಿ ಯಜಮಾನನನ್ನು ನಷ್ಟದಿಂದ ಪಾರುಮಾಡಲು, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಿಷಯದಲ್ಲಿ ಮಾಡುವಂಥ ಕ್ರಮವನ್ನು ಪ್ರತಿನಿಧಿ ಕೈಗೊಳ್ಳಬಹುದು. ಕಾಯಿದೆಯೇ ಕೊಟ್ಟಿರುವ ಉದಾಹರಣೆಯಂತೆ, ಕಲ್ಕತ್ತೆಗೆ ಬಂದ ಆಹಾರ ಪದಾರ್ಥವನ್ನು ಕಟಕ್ಕಿಗೆ ಕಳಿಸಬೇಕೆಂಬ ಆಜ್ಞೆಯಿದ್ದರೂ, ಅದು ಕಟಕ್ ತಲುಪುವಷ್ಟರಲ್ಲಿ ಕೆಡುವುದಾದರೆ ಪ್ರತಿನಿಧಿಯು ಕಲ್ಕತ್ತೆಯಲ್ಲಿಯೇ ಮಾರಬಹುದು. ದೂರವಾಣಿ ಇಲ್ಲದ ಕಾಲದ ಈ ಕಾನೂನು ಬೇಗ ಕೆಡುವ ಸರಕಿನ ವ್ಯಾಪಾರಿಯ ಕಷ್ಟವನ್ನು ಬಲ್ಲದು. ಕೋಲ್ಕತ್ತಕ್ಕೆ ಟೊಮೆಟೊ ಕಳಿಸುವ ನಮಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗದು.

ಹೊರಡುವ ಮುನ್ನ ಒಂದು ಪುಟದ ಸೂಚನೆಯನ್ನು ಬರೆದಿಡುವ ರೂಢಿ ಇಟ್ಟುಕೊಳ್ಳುವುದು ಲೇಸು. ಅದರಲ್ಲಿ ಇರಬೇಕಾದ ಅಂಶಗಳು ಇವು:

(ಅ) ನಾನು ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಸಿಗುವುದಿಲ್ಲ. ವಿಮಾನ ತಡವಾದರೆ ಇನ್ನೂ ಎರಡು ಗಂಟೆ ಸೇರಿಸಿಕೊಳ್ಳುವುದು.

(ಆ) ಈ ಅವಧಿಯಲ್ಲಿ ತೀರ್ಮಾನಿಸುವವರು ಇಂಥವರು. ಅವರು ಇಲ್ಲದಿದ್ದರೆ ಇಂಥವರು.

(ಇ) ಕೊಳ್ಳುವ ಗರಿಷ್ಠ ದರ ಇಷ್ಟು, ಮಾರುವ ಕನಿಷ್ಠ ದರ ಇಷ್ಟು, ಒಟ್ಟು ಬಾಕ್ಸುಗಳ ಮಿತಿ ಇಷ್ಟು. ಈ ಮಿತಿಯೊಳಗೆ ನನ್ನನ್ನು ಕೇಳುವ ಅಗತ್ಯವಿಲ್ಲ.

(ಈ) ಮಿತಿ ಮೀರಿದರೆ ಸಂದೇಶ ಕಳಿಸುವುದು. ಉತ್ತರ ಬಾರದಿದ್ದರೆ ಹೊಸ ವ್ಯಾಪಾರವನ್ನು ತಡೆಹಿಡಿಯುವುದು. ಆದರೆ ಕೆಡುವ ಸರಕನ್ನು ಸಿಕ್ಕ ನ್ಯಾಯವಾದ ದರಕ್ಕೆ ಮಾರುವುದು.

(ಉ) ಯಾರಿಗೂ ಸಾಲದ ಮೇಲೆ ಹೊಸದಾಗಿ ಸರಕು ಕೊಡಕೂಡದು.

ಹೀಗೆ ತೀರ್ಮಾನಿಸಿದ್ದರಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆಯಾದರೆ ಹಿಂದಿರುಗಿದ ಮೇಲೆ ಗದರಿಸಬಾರದು. ಒಮ್ಮೆ ಗದರಿಸಿದರೆ ಮುಂದಿನ ಪ್ರಯಾಣದಲ್ಲಿ ಯಾರೂ ತೀರ್ಮಾನಿಸುವ ಧೈರ್ಯ ಮಾಡರು, ಬರೆದ ಪತ್ರವೂ ವ್ಯರ್ಥವಾಗುತ್ತದೆ.

ಬರೆಯಲು ಕಷ್ಟಪಡುವವರಿಗೂ ದಾರಿಯಿದೆ. ವೈ-ಫೈ ಇರುವ ವಿಮಾನದಲ್ಲಿ ನೆಲದ ಮೇಲಿರುವವರು ತಮ್ಮ ಮಾತನ್ನು ಧ್ವನಿಸಂದೇಶವಾಗಿ ಕಳಿಸಬಹುದು. ಪ್ರಯಾಣಿಕನು ಅದನ್ನು ಇಯರ್‌ಫೋನಿನಲ್ಲಿ ಆಲಿಸಿ ಒಂದು ಅಂಕಿ ಅಥವಾ ಒಂದೆರಡು ಪದಗಳಲ್ಲಿ ಉತ್ತರಿಸಬಹುದು. ‘850, 400 ಬಾಕ್ಸ್, ಸರಿ’ ಎಂದು ಒತ್ತಲು ಪಾಂಡಿತ್ಯ ಬೇಕಿಲ್ಲ. ನೆರೆಯವರಿಗೆ ಕಿರಿಕಿರಿಯಿಲ್ಲ, ಗುಟ್ಟು ರಟ್ಟಾಗದು, ದಾಖಲೆಯೂ ಉಳಿಯುತ್ತದೆ.

9. ಸಾರಾಂಶ

ತಂತ್ರಜ್ಞಾನವೂ ನಮ್ಮ ಕಾನೂನೂ ಹಾರಾಟದ ನಡುವಿನ ಧ್ವನಿಕರೆಗೆ ಅವಕಾಶ ಮಾಡಿಕೊಟ್ಟಿವೆ. ಅವಕಾಶವಿದೆಯೆಂದ ಮಾತ್ರಕ್ಕೆ ಅದು ಹಿತವೆನ್ನಲಾಗದು. ಜೀವಾಪಾಯ, ಮನೆಯವರ ಅನಾರೋಗ್ಯ ಮುಂತಾದ ತುರ್ತಿಗೆ, ಸಿಬ್ಬಂದಿಯ ಅನುಮತಿ ಪಡೆದು ಮಾಡುವ ಚಿಕ್ಕ ಕರೆಯನ್ನು ಯಾರೂ ಆಕ್ಷೇಪಿಸಲಾರರು. ವ್ಯಾಪಾರದ ಮಾತುಕತೆಗೆ ಸಂದೇಶದ ಸೌಲಭ್ಯವಿರಲಿ, ಧ್ವನಿಕರೆ ಬೇಡ. ವಿಮಾನ ಸಂಸ್ಥೆಗಳು ಪ್ರಯಾಣಿಕರ ಅಭಿಪ್ರಾಯ ಕೇಳಿದಾಗ ವ್ಯಾಪಾರಸ್ಥರು ಈ ನಿಲುವನ್ನು ತಿಳಿಸುವುದು ಯುಕ್ತ. ‘ವ್ಯಾಪಾರಿಗಳಿಗಾಗಿ ಕರೆ ಬೇಕು’ ಎಂಬ ಮಾತನ್ನು ನಮ್ಮ ಹೆಸರಿನಲ್ಲಿ ಬೇರೆಯವರು ಆಡುವ ಮೊದಲು ನಾವೇ ನಮ್ಮ ಮಾತನ್ನು ಹೇಳಿರಬೇಕು.

ವಿಮಾನದ ಬಾಗಿಲು ಮುಚ್ಚುವ ಮುನ್ನ ಅಂಗಡಿಯ ಕೀಲಿಕೈಯೊಂದಿಗೆ ಅಧಿಕಾರವನ್ನೂ ಒಪ್ಪಿಸಿ ಬಂದ ವ್ಯಾಪಾರಿಗೆ ಆ ಎರಡೂಮುಕ್ಕಾಲು ಗಂಟೆ ನಷ್ಟದ ಹೊತ್ತಲ್ಲ. ಖಾತೆ ಪುಸ್ತಕ ತಿರುವಿಹಾಕಲು, ಮುಂದಿನ ಮಾತುಕತೆಗೆ ಸಿದ್ಧವಾಗಲು, ಬೇಕಾದರೆ ಒಂದು ಜೊಂಪು ನಿದ್ರೆ ತೆಗೆಯಲು ಇಂಥ ಬಿಡುವು ನೆಲದ ಮೇಲೆ ಆತನಿಗೆ ದೊರೆಯುವುದು ಅಪರೂಪ.